ಹೊಲಸು ಅಡುಗೆಮನೆ ಬೇಕಾಗಿದೆ

ಸಿರಿಲ್ ಹಾಬ್ಡೆ ಎರಡು ಲಾರಿ ಸಾಮಾನು, ಮೂವತ್ತು ಜನರ ತಂಡ ಮತ್ತು ಒಬ್ಬ ನಿರ್ದೇಶಕನನ್ನು ಕಟ್ಟಿಕೊಂಡು ಲಂಡನ್ನಿನಿಂದ ಹ್ಯಾಕನ್‌ಶಾಗೆ ಬಂದಿಳಿದಾಗ ಟ್ಯಾನರ್ ಬೀದಿ ಮದುವಣಗಿತ್ತಿಯ ಹಾಗೆ ನಿಂತಿತ್ತು.

ಎರಡು ತಿಂಗಳ ಹಿಂದೆ ಜಾಗ ನೋಡಲು ಬಂದಾಗ ಇದೇ ಬೀದಿ ಹೇಗಿತ್ತು! ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು ಹತ್ತಿ ಗಿರಣಿಯ ಹೊಗೆ ಕುಡಿದು ಕುಡಿದು ಬಾಣಲೆಯ ತಳವಾಗಿದ್ದವು. ಬಾಗಿಲು ಕಪ್ಪು, ಕಿಟಕಿ ಕಪ್ಪು, ಸೂರಿನ ಮೇಲೆ ಕೂತ ಪಾರಿವಾಳಗಳೂ ಕಪ್ಪು. ನಿರ್ದೇಶಕ ಪೆರೆಗ್ರಿನ್ ಲೇಸಿ ಬೀದಿಯ ನಟ್ಟನಡುವೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು, "ಸಿರಿಲ್, ಇದು ಸತ್ಯ" ಎಂದಿದ್ದ. ಈಗ ನೋಡಿದರೆ ಒಂದು ಬಾಗಿಲು ಕೆಂಪು, ಪಕ್ಕದ್ದು ಹಸಿರು, ಅದರಾಚೆಯದು ಮೊಟ್ಟೆಯ ಹಳದಿ. ಸತ್ಯಕ್ಕೆ ಯಾರೋ ಬಣ್ಣ ಬಳಿದುಬಿಟ್ಟಿದ್ದರು.

ಹಾಬ್ಡೆ ಆ ಚಿತ್ರದ ಪ್ರೊಡಕ್ಷನ್ ಮ್ಯಾನೇಜರ್. ಅಂದರೆ ನಿರ್ದೇಶಕ ಕನಸು ಕಾಣಬೇಕು, ಅದಕ್ಕೆ ಎಷ್ಟಾಗುತ್ತದೆ ಎಂದು ಇವನು ಹೇಳಬೇಕು. ಅವರ ಕಂಪನಿ ಅಲ್ಲಿಯವರೆಗೆ ರಕ್ತ ಹೀರುವ ಪಿಶಾಚಿಗಳ ಚಿತ್ರ ತೆಗೆದು ಚೆನ್ನಾಗಿಯೇ ಉಂಡಿತ್ತು. ಆದರೆ ಸಾವಿರದ ಒಂಬೈನೂರ ಅರವತ್ತರ ಆ ಬೇಸಿಗೆಯಲ್ಲಿ ಕೂಲಿಕಾರರ ಕಥೆ ಓಡುತ್ತದೆ ಎಂಬ ಗಾಳಿ ಎದ್ದಿತ್ತು. ಯಜಮಾನರು ಲೆಕ್ಕ ಹಾಕಿದರು: ಪಿಶಾಚಿಗೆ ಕೋಟೆ ಬೇಕು, ಮಖಮಲ್ಲಿನ ನಿಲುವಂಗಿ ಬೇಕು, ಬಕೆಟ್ಟುಗಟ್ಟಲೆ ರಕ್ತ ಬೇಕು. ಕೂಲಿಯವನಿಗೆ ಒಂದು ಟೋಪಿ ಸಾಕು. ಹಾಗೆ "ಸೋಮವಾರದ ಮಸಿ" ಎಂಬ ಚಿತ್ರ ಹುಟ್ಟಿತು. ತೆಗೆಯಲು ಸಿಕ್ಕವನು ಪೆರೆಗ್ರಿನ್. ಆಕ್ಸ್‌ಫರ್ಡಿನಲ್ಲಿ ಓದಿದ, ಇಪ್ಪತ್ತೊಂಬತ್ತರ, ದಿನವೂ ಗಡ್ಡ ಕೆರೆಯುವುದನ್ನು ಬಿಟ್ಟರೆ ಕೈಗೆ ಬೇರೆ ಕೆಲಸ ಕೊಡದ ಹುಡುಗ. ಕೂಲಿಕಾರರೆಂದರೆ ಅವನಿಗೆ ಪ್ರಾಣ. ದೂರದಿಂದ.

ಕಥೆಯ ಅರ್ಧ ಭಾಗ ಒಂದು ಅಡುಗೆಮನೆಯಲ್ಲಿ ನಡೆಯುತ್ತದೆ. ಆ ಅಡುಗೆಮನೆಗೆಂದು ಗೊತ್ತು ಮಾಡಿದ್ದು ಫ್ಲೋರಿ ಗ್ರಿಮ್‌ಶಾಳ ಮನೆ. ಹಾಬ್ಡೆಯೇ ಮುಂಗಡ ಕೊಟ್ಟು ಹೋಗಿದ್ದ.

ಫ್ಲೋರಿ ಬಾಗಿಲು ತೆಗೆದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಹುಡುಗಿಯಾಗಿದ್ದಾಗಿನಿಂದ ಮಗ್ಗಗಳ ಗದ್ದಲದಲ್ಲಿ ಕೂಗಿ ಕೂಗಿ, ಈಗ ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳುತ್ತಿತ್ತು.

"ಬರ್ರಿ ಹಾಬ್ಡೆ ಸಾಹೇಬ್ರ, ಬರ್ರಿ. ಕಾಲ ಒರಸಿಕೊಂಡ ಬರ್ರಿ."

ಒಳಗೆ ಹೋದವರು ಹಾಗೇ ನಿಂತುಬಿಟ್ಟರು. ಗೋಡೆಯ ತುಂಬ ಅಂಟಿಸಿದ ಹಳದಿ ಗುಲಾಬಿಯ ಕಾಗದ. ಆಕಾಶನೀಲಿ ಫಾರ್ಮೈಕಾ ಮೇಜು. ಕಿಟಕಿಗೆ ಟೀಪಾಟುಗಳ ಚಿತ್ರವಿದ್ದ ಪ್ಲಾಸ್ಟಿಕ್ ಪರದೆ. ಗೋಡೆಯಗಲಕ್ಕೆ ಇದ್ದ ಹಳೆಯ ಕಲ್ಲಿದ್ದಲ ಒಲೆ ಮಾಯವಾಗಿ, ಆ ಜಾಗದಲ್ಲಿ ಆಸ್ಪತ್ರೆಯ ನರ್ಸಿನ ಹಾಗೆ ಬೆಳ್ಳಗೆ ಒಂದು ಗ್ಯಾಸ್ ಒಲೆ ನಿಂತಿತ್ತು.

"ಒಲೆ," ಎಂದ ಪೆರೆಗ್ರಿನ್, ಸತ್ತವರ ಹೆಸರು ಹೇಳಿದಂತೆ. "ಆ ಒಲೆ ಎಲ್ಲಿ?"

"ಆ ದರಿದ್ರ ಒಲಿ? ಗುಜರಿಯಾಂವಗ ಕೊಟ್ಟೆ. ನೀವು ಕೊಟ್ಟ ರೊಕ್ಕದಾಗ ಹೊಸಾದು ತೊಗೊಂಡೆ. ದೇಶದ ಮಂದಿ ಎಲ್ಲಾ ನಮ್ಮ ಅಡಗಿಮನಿ ನೋಡೋರದಾರ. ಮಸಿ ಹಿಡದಿದ್ದ ತೋರಸಲೇನು?"

ಮೂಲೆಯಲ್ಲಿ ಪತ್ರಿಕೆಯ ಹಿಂದಿನಿಂದ ಒಂದು ದನಿ ಬಂತು. "ಕಾಲ ಕಾಸಿಕೊಳ್ಳಾಕ ಜಾಗಾ ಇಲ್ಲಂಗಾತು." ಅದು ಅವಳ ಗಂಡ ವಾಲ್ಟರ್. ಪತ್ರಿಕೆ ಸ್ವಲ್ಪ ಕೆಳಗಿಳಿಯಿತು. "ಸಿನಿಮಾದೋರು ಬಿಯರ್ ಕೊಡ್ತಾರಂತಲ್ಲ, ಖರೇ ಏನ್ರಿ?"

"ನೀ ಸುಮ್ಕಿರು," ಎಂದಳು ಫ್ಲೋರಿ. ಪತ್ರಿಕೆ ಮೇಲೇರಿತು.

ಪೆರೆಗ್ರಿನ್ ನೀಲಿ ಮೇಜಿಗೆ ಕೈ ಊರಿದ. "ಇದು ಸುಳ್ಳು! ಈ ಗುಲಾಬಿಗಳೆಲ್ಲ ಸುಳ್ಳು!"

"ಸುರಳಿಗೆ ಹನ್ನೊಂದ ಶಿಲಿಂಗ್ ಕೊಟ್ಟೇನಿ ತಮ್ಮಾ. ಅದೆಂಗ ಸುಳ್ಳಾಗತದ?"

ಹಾಬ್ಡೆ ನಡುವೆ ಬಂದ. "ಹಾಗಲ್ಲ ಮಿಸೆಸ್ ಗ್ರಿಮ್‌ಶಾ. ಒಂದಿಷ್ಟು ಮಸಿ ಸಿಂಪಡಿಸ್ತೀವಿ. ಗೋಡೆ ಮೇಲೆ ಸ್ವಲ್ಪ ಎಣ್ಣೆ ಜಿಡ್ಡು, ಮೂಲೇಲಿ ಸ್ವಲ್ಪ ತೇವ. ಶೂಟಿಂಗ್ ಮುಗಿದ ಮೇಲೆ ಎಲ್ಲಾ ಮೊದಲಿನ ಹಾಗೇ ಮಾಡಿಕೊಡ್ತೀವಿ."

"ಹೋಗಿ ನಿಮ್ಮ ಅವ್ವನ ಅಡಗಿಮನ್ಯಾಗ ಸಿಂಪಡಸ್ರಿ."

"ನಮ್ಮ ತಾಯಿ ಅಡುಗೆಮನೆಗೆ ಹೋಗಿದ್ದನ್ನ ನಾನು ನೋಡೇ ಇಲ್ಲ," ಎಂದ ಪೆರೆಗ್ರಿನ್ ಪ್ರಾಮಾಣಿಕವಾಗಿ.

ಫ್ಲೋರಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯ ಪಾಪ," ಎಂದು ಅವನಿಗೊಂದು ಕಪ್ ಚಹಾ ಬಗ್ಗಿಸಿ ಕೊಟ್ಟಳು. ಆದರೆ ಮಸಿಯ ಮಾತಿಗೆ ಮಾತ್ರ ಜಗ್ಗಲಿಲ್ಲ.

ಹಾಬ್ಡೆ ಬೀದಿ ಕೊನೆಯ ಕೆಂಪು ಪೆಟ್ಟಿಗೆಯಿಂದ ಲಂಡನ್ನಿಗೆ ಫೋನು ಮಾಡಿದ. ಸ್ಟುಡಿಯೋದಲ್ಲಿ ಅಡುಗೆಮನೆಯ ಸೆಟ್ಟು ಹಾಕಬೇಕೆಂದರೆ ಮೂರು ಸಾವಿರ ಪೌಂಡು ಬೇಕೆಂದ.

"ಬಡತನಕ್ಕೆ ಏನಯ್ಯಾ ಖರ್ಚು?" ಎಂದರು ಯಜಮಾನರು. "ಅದು ಅಲ್ಲೇ ಬಿದ್ದಿರತ್ತೆ ಅಂತ ತಾನೆ ನಿಮ್ಮನ್ನ ಅಲ್ಲಿಗೆ ಕಳಿಸಿದ್ದು?"

"ಇಲ್ಲಿ ಯಾರೂ ಅದನ್ನ ಹೊರಗಿಡೋದಿಲ್ಲ ಸಾರ್."

"ಹಾಗಿದ್ರೆ ನಮ್ಮ ಪಿಶಾಚಿ ನೆಲಮಾಳಿಗೆಯ ಸೆಟ್ಟು ಖಾಲಿ ಬಿದ್ದಿದೆ. ಶವಪೆಟ್ಟಿಗೆ ಮೇಲೆ ಒಂದು ಕೆಟಲ್ ಇಟ್ಕೊಳಿ," ಎಂದು ಅವರು ಫೋನು ಇಟ್ಟರು.

ಹೊತ್ತು ಬೇರೆ ಇರಲಿಲ್ಲ. ಇನ್ನು ಮೂರು ವಾರಕ್ಕೆ ಊರಿನ ಗಿರಣಿಗಳೆಲ್ಲ ಬೀಗ ಹಾಕಿಕೊಳ್ಳುತ್ತಿದ್ದವು. ವರ್ಷಕ್ಕೊಮ್ಮೆ ಬರುವ ರಜೆ, ಜನ ಮಕ್ಕಳು ಮರಿ ಸಮೇತ ಸಮುದ್ರದ ದಂಡೆಗೆ ಹೊರಡುತ್ತಿದ್ದರು. ಆಮೇಲೆ ಹೊಗೆಯೂ ಇಲ್ಲ, ಜನರೂ ಇಲ್ಲ. ಪೆರೆಗ್ರಿನ್ ಖಾಲಿ ಊರಿನಲ್ಲಿ ಪಾರಿವಾಳಗಳ ಶೋಷಣೆಯ ಕಥೆ ತೆಗೆಯಬೇಕಾಗುತ್ತಿತ್ತು.

ಬಾಗಿಲುಗಳ ಗೋಳು ಸುಲಭವಾಗಿ ಬಗೆಹರಿಯಿತು. ಚಿತ್ರ ಕಪ್ಪುಬಿಳುಪು, ಕೆಂಪಾಗಲಿ ಹಸಿರಾಗಲಿ ಕ್ಯಾಮೆರಾಕ್ಕೆ ಎಲ್ಲ ಬೂದಿಯೇ. ಆದರೆ ಗುಲಾಬಿ ಹೂವು ಕಪ್ಪುಬಿಳುಪಿನಲ್ಲೂ ಗುಲಾಬಿ ಹೂವೇ. ಅದಕ್ಕೆ ಹಾಬ್ಡೆ ಮೀನು ಕರಿದು ಮಾರುವ ಅಂಗಡಿಯ ಗಾಜಿಗೆ ಒಂದು ಚೀಟಿ ಅಂಟಿಸಿದ: "ಸಿನಿಮಾಕ್ಕೆ ಹೊಲಸು ಅಡುಗೆಮನೆ ಬೇಕಾಗಿದೆ. ದಿನಕ್ಕೆ ಐದು ಪೌಂಡು."

ಗಿರಣಿಯಲ್ಲಿ ವಾರವೆಲ್ಲ ದುಡಿದರೂ ಒಬ್ಬನಿಗೆ ಹತ್ತು ಪೌಂಡು ಹುಟ್ಟದ ಊರು ಅದು. ಜನ ಮುಗಿಬೀಳುತ್ತಾರೆಂದು ಹಾಬ್ಡೆ ಅಂಗಡಿಯವನಿಗೆ ಮೊದಲೇ ಎಚ್ಚರಿಕೆ ಹೇಳಿದ್ದ. ಒಂದು ನರಪಿಳ್ಳೆ ಬರಲಿಲ್ಲ. ಬಂದದ್ದು ಬೈಗುಳ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಪೆರೆಗ್ರಿನ್ ಗೊಣಗಿದ. ಹಾಬ್ಡೆಗೆ ಹಾಗೆನ್ನಲು ಬಾಯಿ ಬರಲಿಲ್ಲ. ಲಂಡನ್ನಿನ ಹಡಗುಕಟ್ಟೆಯ ಬಳಿ, ಒಂದೇ ಕೋಣೆಯಲ್ಲಿ ಆರು ಮಕ್ಕಳನ್ನು ಸಾಕಿದ ಅವನ ತಾಯಿಯೂ ದಿನ ಬೆಳಗಾದರೆ ಮಂಡಿಯೂರಿ ಹೊಸ್ತಿಲು ಉಜ್ಜುತ್ತಿದ್ದಳು.

ಹಾಬ್ಡೆ ಮನೆಮನೆಗೆ ಹೋಗಿ ಕೇಳಿದ. ಪ್ರತಿ ಹೆಂಗಸೂ ದನಿ ತಗ್ಗಿಸಿ ಪಕ್ಕದ ಮನೆ ತೋರಿಸುತ್ತಿದ್ದಳು. "ಆಕಿ ಮನಿ ನೋಡ್ರಿ, ಹಂದಿ ಗೂಡ. ನಾ ಹೇಳಿದೆ ಅನಬ್ಯಾಡ್ರಿ ಮತ್ತ." ಅಲ್ಲಿಗೆ ಹೋಗುವಷ್ಟರಲ್ಲಿ ನೆಲ ತೊಳೆದು ಇನ್ನೂ ಹಸಿಯಾಗಿರುತ್ತಿತ್ತು. ಒಬ್ಬಾಕೆಯಂತೂ ಆ ತೊಳೆದ ನೀರನ್ನು ಬಕೆಟ್ ಸಮೇತ ಇವನ ಕಾಲಮೇಲೆ ಹೊಯ್ದಳು.

ಒದ್ದೆ ಪ್ಯಾಂಟಿನಲ್ಲಿ ಹಾಬ್ಡೆ ಫ್ಲೋರಿಯ ಮನೆಗೆ ಬಂದ. ಮುಂಗಡ ವಾಪಸು ಕೇಳುವುದಕ್ಕೆಂದೇ ಬಂದವನು. ಅವಳು ಕೂರಿಸಿ, ಮಾಂಸ ಆಲೂಗಡ್ಡೆ ಬೇಯಿಸಿದ್ದನ್ನು ತಟ್ಟೆ ತುಂಬ ಬಡಿಸಿದಳು. ತಿಂದ ಮೇಲೆ ಕೇಳಲು ನಾಲಗೆ ಏಳಲಿಲ್ಲ.

"ಆ ರೊಕ್ಕ ಗ್ವಾಡಿ ಮ್ಯಾಲದ ನೋಡ್ರಿ," ಎಂದಳು ಫ್ಲೋರಿ ತಾನೇ. "ಕಿತ್ತಿ ಕೊಡಲೇನು?"

"ಬೇಡಿ ಬೇಡಿ. ಮೇಲೊಂದು ಕೋಣೆ ಖಾಲಿ ಇದೆಯಲ್ಲ, ನಾನು ಇಲ್ಲೇ ಇದ್ದುಬಿಡ್ತೀನಿ. ಬಾಡಿಗೆಗೆ ಹಿಡ್ಕೊಳಿ."

"ಆತು." ಅವಳು ಕೈ ಒರೆಸಿಕೊಂಡು ಎದುರು ಕೂತಳು. "ಈಗ ಹೇಳ್ರಿ, ನಿಮಗ ಖರೇನ ಹೊಲಸ ಅಡಗಿಮನಿ ಬೇಕೇನು?"

"ಬೇಕು ತಾಯಿ."

"ಹಂಗಿದ್ರ ಬಡವ್ರ ಮನಿಗೆ ಯಾಕ ಹೊಂಟೀರಿ? ಗುಡ್ಡದ ಮ್ಯಾಲಿನ ಫೆಲ್ ಸಾಹೇಬ್ರ ಬಂಗ್ಲೆಕ ಹೋಗ್ರಿ. ನಾ ಸಣ್ಣಾಕಿದ್ದಾಗ ಅಲ್ಲಿ ಕೆಲಸಕ್ಕ ಹೋಗಿದ್ದೆ. ಒಂದ ವಾರಕ್ಕ ನಮ್ಮವ್ವ ಬಂದು ಕರಕೊಂಡ ಹೋದ್ಲು. ಇಂಥಾ ಹೊಲಸನ್ಯಾಗ ನನ್ನ ಮಗಳು ಇರೂದ ಬ್ಯಾಡ ಅಂದ್ಲು."

ಪತ್ರಿಕೆಯ ಹಿಂದೆ ವಾಲ್ಟರ್ ಗುಳುಗುಳು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಹಾಬ್ಡೆ ಪೆರೆಗ್ರಿನ್‌ನನ್ನು ಕರೆದುಕೊಂಡು ಗುಡ್ಡ ಹತ್ತಿದ. ಸರ್ ಆಂಬ್ರೋಸ್ ಫೆಲ್ ಕೋಟಿಗೆ ಹಗ್ಗ ಕಟ್ಟಿಕೊಂಡು ಬಾಗಿಲಿಗೆ ಬಂದರು. ಐನೂರು ವರ್ಷದ ಮನೆತನ. ಆದರೆ ಛಾವಣಿ ಸೋರಿ ಸೋರಿ ನಲವತ್ತು ಕೋಣೆಗಳಲ್ಲಿ ಒದ್ದೆಯಾಗದೆ ಉಳಿದದ್ದು ಅಡುಗೆಮನೆಯೊಂದೇ. ಸರ್ ಆಂಬ್ರೋಸ್, ಮೂರು ನಾಯಿ ಮತ್ತು ಕೆಲವು ಕೋಳಿಗಳು ಅಲ್ಲೇ ಸಂಸಾರ ಹೂಡಿದ್ದವು. ಗೋಡೆಯಗಲದ ಕಬ್ಬಿಣದ ಒಲೆಯ ಮೇಲೆ ಜಿಡ್ಡು ಬೆರಳು ದಪ್ಪಕ್ಕೆ ಕಟ್ಟಿತ್ತು. ಸೊಪ್ಪಿನ ಬುಟ್ಟಿಯಲ್ಲಿ ಒಂದು ಕೋಳಿ ಕಾವು ಕೂತಿತ್ತು.

ಪೆರೆಗ್ರಿನ್ ಗುಡಿಯೊಳಗೆ ಬಂದವನಂತೆ ನಿಂತ. ಗೋಡೆಯನ್ನು ಬೆರಳ ತುದಿಯಿಂದ ಮುಟ್ಟಿದ. "ಸಿರಿಲ್, ತಲೆತಲಾಂತರದ ಬೆವರು ಈ ಗೋಡೆ ಮೇಲಿದೆ."

"ಅದು ಹಂದಿಮಾಂಸ ಹುರಿದ ಎಣ್ಣೆ ಕಣಯ್ಯಾ," ಎಂದರು ಸರ್ ಆಂಬ್ರೋಸ್.

ದಿನಕ್ಕೆ ಐದು ಪೌಂಡು ಎಂದಾಗ ಆ ಮುದುಕರ ಕಣ್ಣು ವ್ಯಾಪಾರಿಯ ಕಣ್ಣಾಯಿತು. "ಐದಾ? ನಾಲ್ಕು ತಲೆಮಾರಿನ ಕೊಳೆ ಇದು. ಕೆಳಗೆ ಬೀದಿಯಲ್ಲಿ ಸಿಗತ್ತಾ ನಿನಗೆ? ಹುಡುಕಿ ಸೋತು ತಾನೆ ಬಂದಿದ್ದೀಯ? ಹನ್ನೆರಡು ಕೊಡು."

"ಎಂಟು ಕೊಡ್ತೀನಿ ಸಾರ್. ಜೊತೆಗೆ ಕಲ್ಲಿದ್ದಲು ನಮ್ಮದು. ಆದರೆ ಚಿತ್ರ ಮುಗಿಯೋವರೆಗೆ ಏನನ್ನೂ ಕ್ಲೀನ್ ಮಾಡಬಾರದು."

"ನನ್ನ ವಂಶದಲ್ಲಿ ಇದುವರೆಗೆ ಯಾರೂ ಆ ಕೆಲಸ ಮಾಡಿಲ್ಲ," ಎಂದು ಸರ್ ಆಂಬ್ರೋಸ್ ಕೈ ಚಾಚಿದರು.

ಇಳಿದು ಬರುವಾಗ ಹಾಬ್ಡೆ ಕೇಳಿದ: "ಜಹಗೀರುದಾರರ ಅಡುಗೆಮನೆಯನ್ನ ಕೂಲಿಯವನದು ಅಂತ ತೋರಿಸ್ತೀವಲ್ಲ ಸಾರ್, ಇದು ಸತ್ಯವಾ?"

"ಸತ್ಯಕ್ಕೆ ವಿಳಾಸ ಇರೋಲ್ಲ ಸಿರಿಲ್," ಎಂದ ಪೆರೆಗ್ರಿನ್. ಸಂಜೆ ಪತ್ರಿಕೆಯವರಿಗೆ ಮಾತ್ರ, ಊರಿನ ನೇಕಾರ ಕುಟುಂಬವೊಂದು ಪ್ರೀತಿಯಿಂದ ತನ್ನ ಅಡುಗೆಮನೆ ಬಿಟ್ಟುಕೊಟ್ಟಿದೆ ಎಂದು ವಿಳಾಸವಿಲ್ಲದೆ ಹೇಳಿ ಕಳಿಸಿದ.

ಗುಡ್ಡದ ಮೇಲೆ ಗುಟ್ಟಾಗಿ ಶೂಟಿಂಗ್ ನಡೆಯಿತು. ಎರಡು ಸಲ ಕೋಳಿ ನಾಯಕಿಯ ಅಳುವಿನ ನಡುವೆ ಮೊಟ್ಟೆಯಿಟ್ಟು ಊರಿಗೆಲ್ಲ ಸಾರಿತು. ಸರ್ ಆಂಬ್ರೋಸ್ ಆ ಮೊಟ್ಟೆಗಳನ್ನು ತಂಡಕ್ಕೇ ಮಾರಿದರು. ಹಾಬ್ಡೆ ರಾತ್ರಿ ಊಟಕ್ಕೆ ಫ್ಲೋರಿಯ ನೀಲಿ ಮೇಜಿಗೆ ಬರುತ್ತಿದ್ದ. ವಾಲ್ಟರ್ ಪತ್ರಿಕೆ ಕೆಳಗಿಡುವುದನ್ನು ಕಲಿತ. ಇಬ್ಬರೂ ಫುಟ್‌ಬಾಲ್ ಬಗ್ಗೆ ಜಗಳವಾಡಿದರು.

ಬೀದಿಯ ದೃಶ್ಯ ತೆಗೆದ ದಿನ ಆ ಜಗಳ ನಿಜವಾಯಿತು. ಕೆಲಸ ಕಳೆದುಕೊಂಡ ನಾಯಕ ಸಂಜೆಯ ಬೀದಿಯಲ್ಲಿ ಒಬ್ಬನೇ ನಡೆದು ಬರಬೇಕು, ಜಗತ್ತಿನಲ್ಲಿ ಅವನಿಗೆ ಯಾರೂ ಇಲ್ಲ. ಎಲ್ಲರಿಗೂ ಬಾಗಿಲು ಹಾಕಿಕೊಂಡಿರಿ ಎಂದು ಹೇಳಿಯಾಗಿತ್ತು. ಕ್ಯಾಮೆರಾ ತಿರುಗುತ್ತಿತ್ತು. ಗ್ರಿಮ್‌ಶಾ ಮನೆಯ ಬಾಗಿಲು ತೆರೆಯಿತು. ವಾಲ್ಟರ್ ಹೊರಬಂದ, ಟೋಪಿ ಸರಿಮಾಡಿಕೊಂಡ, ಆಕಾಶ ನೋಡಿದ, ನಾಯಕನಿಗೆ "ಮಳಿ ಬರ್ತದ ನೋಡಪಾ" ಎಂದು ಹೇಳಿ, ಬೀದಿ ದಾಟಿ, ನಿಧಾನವಾಗಿ ಮೂಲೆಯ ಕಡೆ ಹೋದ.

"ಯಾರದು!" ಎಂದು ಪೆರೆಗ್ರಿನ್ ಕಿರುಚಿದ. ಆಮೇಲೆ ನಿಜವಾಗಿಯೂ ಮಳೆ ಬಂತು.

"ನಿಮ್ಮಿಂದ ಒಂದು ಸಂಜೆ ಕೆಲಸ ಹಾಳಾಯ್ತು," ಎಂದು ಹಾಬ್ಡೆ ಊಟದ ಹೊತ್ತಿಗೆ ಮುಖ ಕೆಂಪಗೆ ಮಾಡಿಕೊಂಡು ಕೂಗಾಡಿದ. "ಹೊರಗೆ ಬರಬೇಡಿ ಅಂತ ಎಷ್ಟು ಸಲ ಹೇಳಿದ್ದೆ?"

"ಪಬ್ ತೆರಿಯೋ ಹೊತ್ತಾಗಿತ್ತಲ್ರಿ," ಎಂದ ವಾಲ್ಟರ್, ಇದಕ್ಕಿಂತ ದೊಡ್ಡ ಕಾರಣ ಯಾರ ಹತ್ತಿರವಾದರೂ ಇದೆಯೇ ಎಂಬಂತೆ.

ಹಾಬ್ಡೆ ಎರಡು ದಿನ ಅವನ ಜೊತೆ ಮಾತು ಬಿಟ್ಟ. ಬೀದಿಯ ದೃಶ್ಯವನ್ನು ಇನ್ನೊಂದು ದಿನ ಮತ್ತೆ ತೆಗೆದರು. ಗಿರಣಿಗಳಿಗೆ ಬೀಗ ಬೀಳುವ ಮುಂಚೆ ಎಲ್ಲ ಮುಗಿಯಿತು. ಲಂಡನ್ನಿಗೆ ಹೋಗಿ ಚಿತ್ರ ಜೋಡಿಸಲು ಕೂತಾಗ, ಮತ್ತೆ ತೆಗೆದದ್ದರಲ್ಲಿ ಬೆಳಕು ಸತ್ತಿತ್ತು. ಬೇರೆ ದಾರಿಯಿಲ್ಲದೆ ಪೆರೆಗ್ರಿನ್ ವಾಲ್ಟರ್ ದಾಟಿದ ತುಣುಕನ್ನೇ ಉಳಿಸಿಕೊಂಡ.

ಚಿತ್ರ ಬಂದದ್ದು ಮುಂದಿನ ವಸಂತಕ್ಕೆ. ಲಂಡನ್ನಿನ ವಿಮರ್ಶಕರು ಮೈಮರೆತರು. ಒಬ್ಬರು, ಆ ಅಡುಗೆಮನೆಯ ವಾಸನೆ ಪರದೆಯಿಂದ ಮೂಗಿಗೆ ಬಡಿಯುತ್ತದೆ ಎಂದರು. ಇನ್ನೊಬ್ಬರು, ದೇಶದ ಆತ್ಮಸಾಕ್ಷಿ ಆ ಒಲೆಯ ಮುಂದೆ ತಲೆ ತಗ್ಗಿಸಬೇಕು ಎಂದರು. ಯಜಮಾನರಿಗೆ ಹಾಕಿದ ದುಡ್ಡು ಒಂದಕ್ಕೆರಡಾಗಿ ಬಂತು. ಪಿಶಾಚಿಗಳಿಗೆ ಸ್ವಲ್ಪ ರಜೆ ಸಿಕ್ಕಿತು.

ಹ್ಯಾಕನ್‌ಶಾದ ರೀಗಲ್ ಟಾಕೀಸಿನಲ್ಲಿ ಮೊದಲ ಪ್ರದರ್ಶನಕ್ಕೆ ಪೆರೆಗ್ರಿನ್ ತಾನೇ ಬಂದ. ಹಾಬ್ಡೆ ಒಂದು ದಿನ ಮುಂಚೆ ಬಂದು ಫ್ಲೋರಿಯ ಬಾಗಿಲು ತಟ್ಟಿದ. ವಾಲ್ಟರ್‌ಗೆಂದು ಲಂಡನ್ನಿನಿಂದ ಎರಡು ಬಾಟಲಿ ಬಿಯರ್ ತಂದಿದ್ದ.

"ಆಂವ ಹೋಗಿಬಿಟ್ಟ್ರಿ," ಎಂದಳು ಫ್ಲೋರಿ. "ಫೆಬ್ರುವರಿಯೊಳಗ. ಎದಿ ಕಟ್ಟಿತ್ತು. ಹತ್ತಿ ಧೂಳ, ಮತ್ತೇನ." ಬಾಟಲಿಗಳನ್ನು ನೋಡಿದಳು. "ಒಳಗ ತರ್ರಿ. ಚೆಲ್ಲೂದಂತೂ ಬ್ಯಾಡ."

ಇಬ್ಬರೂ ಒಂದೊಂದು ಕುಡಿದರು. ಆ ಎರಡು ದಿನ ಮಾತು ಬಿಟ್ಟದ್ದಕ್ಕೆ ಹಾಬ್ಡೆ ತನ್ನನ್ನೇ ಬೈದುಕೊಂಡ.

ಮರುಸಂಜೆ ಟ್ಯಾನರ್ ಬೀದಿ ಬೀದಿಯೇ ಹೊಸ ಕೋಟು, ಹೊಸ ಟೋಪಿ ಹಾಕಿಕೊಂಡು ರೀಗಲ್ಲಿಗೆ ಬಂದಿತು. ಚಿತ್ರ ಶುರುವಾಯಿತು. ತಮ್ಮ ಗಿರಣಿ ಕಂಡಾಗ ಶಿಳ್ಳೆ ಹೊಡೆದರು, ನಾಯಕ ಅವರಂತೆ ಮಾತಾಡಲು ಹೊರಟಾಗ ಬಿದ್ದು ಬಿದ್ದು ನಕ್ಕರು. ಆಮೇಲೆ ಬೀದಿ ಬಂತು. ಬಾಗಿಲು ತೆರೆಯಿತು.

ಇಡೀ ಟಾಕೀಸು ಒಮ್ಮೆಲೆ ಸುಮ್ಮನಾಯಿತು. ವಾಲ್ಟರ್ ಗ್ರಿಮ್‌ಶಾ ಮನುಷ್ಯನ ನಾಲ್ಕರಷ್ಟು ದೊಡ್ಡವನಾಗಿ ಹೊರಬಂದು ಟೋಪಿ ಸರಿಮಾಡಿಕೊಂಡ, ಆಕಾಶ ನೋಡಿದ, ಮಳೆ ಬರುತ್ತದೆಂದು ಹೇಳಿದ, ಬೀದಿ ದಾಟಿದ. ಹಿಂದೆ ಯಾರೋ ಮೂಗು ಸೀಟಿದರು. ಹಾಬ್ಡೆ ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಫ್ಲೋರಿಯ ಕೈಚೀಲದ ಕೊಂಡಿ ಟಕ್ ಎಂದು ತೆರೆದು ಟಕ್ ಎಂದು ಮುಚ್ಚಿದ್ದು ಮಾತ್ರ ಕೇಳಿಸಿತು.

ಅದರ ಬೆನ್ನಿಗೇ ಅಡುಗೆಮನೆ ಬಂತು. "ಅಯ್ಯ! ಯಾರ ಮನೀದು ಇದು ಹಂದಿ ಗೂಡ!" ಎಂದು ಹೆಂಗಸರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು. ಮುಂದಿನ ಕಥೆಯನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ದೀಪ ಹತ್ತಿದ ಮೇಲೆ ಪೆರೆಗ್ರಿನ್ ಪರದೆಯ ಮುಂದೆ ನಿಂತ. "ಇದು ನಿಮ್ಮ ಚಿತ್ರ," ಎಂದ ಗದ್ಗದವಾಗಿ. "ನಿಮ್ಮನ್ನ ನೀವು ಇದರಲ್ಲಿ ಗುರುತಿಸಿದಿರಾ?"

ಫ್ಲೋರಿ ಎದ್ದು ನಿಂತಳು. "ತಮ್ಮಾ, ನಮ್ಮ ವಾಲ್ಟರ್‌ನ್ನ ಗುರ್ತ ಹಿಡದ್ವಿ. ಉಳಿದಾವ್ರ ಯಾರೂ ನಮ್ಮ ಪೈಕಿ ಅಲ್ಲ. ಆ ಅಡಗಿಮನಿ ಯಾರದಂತ ನನಗ ಗೊತ್ತದ. ನೀನ ಎಲ್ಲಾರ ಮುಂದ ಹೇಳು. ಇಲ್ಲಂದ್ರ ನಾಳಿಂದ ಈ ಊರಾಗ ಯಾರ ಮನ್ಯಾಗ ಯಾರೂ ಚಾ ಕುಡಿಯಂಗಿಲ್ಲ!"

ಪೆರೆಗ್ರಿನ್ ಬಾಯಿ ತೆರೆದ. ಅಷ್ಟರಲ್ಲಿ ಬಾಲ್ಕನಿಯಲ್ಲಿ ಹಗ್ಗ ಕಟ್ಟಿದ ಕೋಟೊಂದು ಎದ್ದಿತು. "ನನ್ನದು!" ಎಂದು ಸರ್ ಆಂಬ್ರೋಸ್ ಹೆಮ್ಮೆಯಿಂದ ಘರ್ಜಿಸಿದರು. "ನನ್ನ ಅಡುಗೆಮನೆ! ಕೋಳಿಯೂ ನನ್ನದೇ!"

ಆ ನಗುವಿಗೆ ರೀಗಲ್ಲಿನ ಛಾವಣಿಯ ಗಾರೆ ಉದುರಿತೆಂದು ಇವತ್ತಿಗೂ ಹೇಳುತ್ತಾರೆ. ಸ್ಥಳೀಯ ಪತ್ರಿಕೆ ಮುಖಪುಟದಲ್ಲೇ ಹಾಕಿತು. ಪೆರೆಗ್ರಿನ್ ತನ್ನ ಬದುಕು ಮುಗಿಯಿತೆಂದು ಹೋಟೆಲ್ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗಿದ. ಆದರೆ ಲಂಡನ್ನಿನ ವಿಮರ್ಶಕರು ಬುದ್ಧಿವಂತರು. ಆಳುವ ವರ್ಗದ ಅಡುಗೆಮನೆಯಲ್ಲೇ ಬಡವರ ಗೋಳನ್ನು ತೋರಿಸಿದ್ದು ನಿರ್ದೇಶಕರ ಆಳವಾದ ವ್ಯಂಗ್ಯ ಎಂದು ಬರೆದರು. ಪೆರೆಗ್ರಿನ್ ಚಿಲಕ ತೆಗೆದು, ಹೌದು, ತಾನು ಮೊದಲಿನಿಂದಲೂ ಅದನ್ನೇ ಅಂದುಕೊಂಡಿದ್ದೆ ಎಂದ. ಸರ್ ಆಂಬ್ರೋಸ್ ಅಡುಗೆಮನೆ ನೋಡಲು ಬಂದವರಿಂದ ತಲೆಗೊಂದು ಶಿಲಿಂಗ್ ವಸೂಲಿ ಮಾಡತೊಡಗಿದರು.

ಹಾಬ್ಡೆ ಮರುದಿನವೇ ಹೊರಡಬೇಕಿತ್ತು, ಹೊರಡಲಿಲ್ಲ. ಸಂಜೆ ಫ್ಲೋರಿ ಕೋಟು ಹಾಕಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ವಾಪಸು ಬಂದಳು. ಅದರ ಮರುದಿನವೂ ಹಾಗೇ. ಮೂರನೆಯ ಸಂಜೆ ಅವನು ಜೊತೆಗೆ ಹೊರಟ. ಅವಳು ಬೇಡವೆನ್ನಲಿಲ್ಲ.

ರೀಗಲ್ಲಿನ ಮ್ಯಾನೇಜರ್ ಅವಳನ್ನು ನೋಡಿ ಟಿಕೆಟ್ ಕೇಳದೆ ಬಾಗಿಲಿನ ಪರದೆ ಸರಿಸಿದ. ಚಿತ್ರ ಆಗಲೇ ನಡೆದಿತ್ತು. ಇಬ್ಬರೂ ಹಿಂದಿನ ಗೋಡೆಗೆ ಒರಗಿ ಕತ್ತಲಲ್ಲಿ ನಿಂತರು.

"ಕೂತ್ಕೊಳೋಣ ಬನ್ನಿ," ಎಂದ ಹಾಬ್ಡೆ ಪಿಸುಗುಟ್ಟಿ.

"ಯಾಕ? ಮುಂದ ಆ ಹೊಲಸ ಬರ್ತದ. ಅದನ್ನ ಯಾರ ನೋಡ್ತಾರ?" ಅವಳ ಪಿಸುಮಾತಿಗೆ ಮುಂದಿನ ಮೂರು ಸಾಲು ತಿರುಗಿ ನೋಡಿತು. "ಅದೊಂದ ನೋಡಿ ಹೋಗೂದು, ಅಷ್ಟ."

ಪರದೆಯ ಮೇಲೆ ಬಾಗಿಲು ತೆರೆಯಿತು. ವಾಲ್ಟರ್ ಆಕಾಶ ನೋಡಿದ, ಮಳೆಯ ಸುದ್ದಿ ಹೇಳಿದ, ಅವಸರವೇ ಇಲ್ಲದವನಂತೆ ಬೀದಿ ದಾಟತೊಡಗಿದ.

"ಹೋಗು, ಲಗೂ ಹೋಗು," ಎಂದಳು ಫ್ಲೋರಿ. "ಪಬ್ಬಿನ ಬಾಗಲಾ ತೆರದಾರ."